ಮೇಷ್ಟ್ರ ಎರಡನೇ ಥರ್ಮಾಮೀಟರು

ಮೇಷ್ಟ್ರು ಯಾರ ಮನೆಗೆ ಬಂದರೂ ಕೂರುವ ಮೊದಲು ಬಲಗೈಯ ಹಿಂಬದಿಯನ್ನು ಗೋಡೆಗೆ ಒತ್ತುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಗೆಣ್ಣುಗಳಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. "ನಿಮ್ ಗೋಡೆ ಇನ್ನೂ ತಣ್ಣಗಿದೆ ಕಣಮ್ಮ, ಪುಣ್ಯವಂತರು" ಎಂದ ಮೇಲೇ ಕಾಫಿ.

ಮತ್ತಿಕೆರೆಯ ಶಾಲೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಅಮೃತಹಳ್ಳಿಗೆ ಬಂದಾಗ ಇಲ್ಲಿ ಸುತ್ತಲೂ ರಾಗಿ ಹೊಲ. ಅಷ್ಟರಲ್ಲಿ ಅವರು ನಿವೃತ್ತರಾಗಿ, ಮತ್ತಿಕೆರೆಯ ತಮ್ಮ ಮನೆಯ ಹಿತ್ತಲಲ್ಲಿ ಥರ್ಮಾಮೀಟರು ತೂಗುಹಾಕಿ, ದಿನಾ ಬೆಳಿಗ್ಗೆ ಆರಕ್ಕೆ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಬೀದಿಯವರು "ಜ್ವರದ ಮೇಷ್ಟ್ರು" ಎಂದು ಆಡಿಕೊಂಡರೆ ತಾವೂ ನಗುತ್ತಿದ್ದರು. ಒಂದು ದಿನ ಸೈಕಲ್ ತುಳಿದುಕೊಂಡು ಬಂದವರೇ ನಮ್ಮ ಹೊಂಗೆಮರದ ನೆರಳಲ್ಲಿ ಎರಡನೆಯದೊಂದನ್ನು ಕಟ್ಟಿದರು.

"ಲೋಕ ಬಿಸಿ ಆಗ್ತಿದೆ, ಆದ್ರೆ ಎಲ್ಲಾ ಕಡೆ ಒಂದೇ ಸಮ ಅಲ್ಲ. ದೋಸೆ ಕಾವಲಿ ನೋಡಿದ್ದೀಯಲ್ಲ? ನಡುವೆ ಸೀದ್ರೂ ಅಂಚಲ್ಲಿ ಹಸಿ. ನಮ್ ಮತ್ತಿಕೆರೆ ಎಷ್ಟು ಬೇಗ ಕಾಯ್ತಿದೆ ಅಂತ ತಿಳೀಬೇಕಾದ್ರೆ ನಿಮ್ಮೂರಿನ ಲೆಕ್ಕ ಪಕ್ಕದಲ್ಲಿರ್ಬೇಕು. ದಿನಾ ನೋಡು, ಭಾನುವಾರ ಒಂದು ಕಾರ್ಡ್ ಹಾಕು."

ಅವರ ಮನೆ ಹಿಂದಿನ ಕುಂಟೆಯನ್ನು ಮುಚ್ಚಿ ಸೈಟು ಮಾಡುವ ಮಾತು ನಡೆದಿತ್ತು. ನೀರು, ಮರ ಹೋದ ಕಡೆ ಬಿಸಿ ಬೇಗ ಏರುತ್ತದೆ ಎಂದು ಕಾರ್ಪೊರೇಷನ್ ಸಾಹೇಬರಿಗೆ ತೋರಿಸಿ ಕುಂಟೆ ಉಳಿಸಬೇಕೆಂಬುದು ಅವರ ಹಟ.

ಎರಡು ವರ್ಷ ನಿಯತ್ತಾಗಿ ಬರೆದೆ. ಆಮೇಲೊಂದು ಬೆಳಿಗ್ಗೆ ಎತ್ತಿಕೊಂಡಿದ್ದ ಮಗಳು ಕೈಚಾಚಿ ಎಳೆದಳು. ಥರ್ಮಾಮೀಟರು ಕಲ್ಲಿನ ಮೇಲೆ ಬಿದ್ದು ಚೂರಾಯಿತು. ಅಂದೇ ಹೇಳಿದ್ದರೆ ಮುಗಿಯುತ್ತಿತ್ತು. ಮೇಷ್ಟ್ರು ಬೈಯುವವರಲ್ಲ, ಸುಮ್ಮನೆ ನೋಡುವವರು. ಆ ನೋಟಕ್ಕೇ ಹೆದರಿದೆ. ಹಿಂದಿನ ವರ್ಷ ಬರೆದಿಟ್ಟುಕೊಂಡಿದ್ದನ್ನು ನೋಡಿ ಏಳು ಅಂಕಿ ಹೊಂದಿಸಿ ಕಾರ್ಡು ಹಾಕಿಬಿಟ್ಟೆ. ಮುಂದಿನ ಭಾನುವಾರವೂ ಹಾಕಿದೆ. ಮಂಡಿನೋವಿನಿಂದ ಅವರು ಸೈಕಲ್ ಬಿಟ್ಟಿದ್ದು ನನಗೆ ಅನುಕೂಲವೇ ಆಯಿತು, ಥೂ ನನ್ನ! ಅವರ ಉತ್ತರ ಬಂತು: "ನಿಮ್ಮ ಊರು ಒಂದಿಷ್ಟೂ ಕದಲಿಲ್ಲ, ನಮ್ಮದು ಓಡುತ್ತಿದೆ. ಭೇಷ್!"

ಎಂಟು ತಿಂಗಳಾದ ಮೇಲೆ ಮನೆ ಮುಂದೆ ಜೀಪು ನಿಂತಿತು. ಮೇಷ್ಟ್ರು ಇಳಿದರು, ಕಂಕುಳಲ್ಲಿ ಪುಸ್ತಕ, ಪಕ್ಕದಲ್ಲಿ ಸಾಹೇಬರು. "ಬಾರಮ್ಮ, ಸಾಹೇಬ್ರಿಗೆ ತೋರ್ಸು."

ಹೊಂಗೆಮರದಲ್ಲಿ ಬರೀ ದಾರ ನೇತಾಡುತ್ತಿತ್ತು. "ಒಡೆದು ಎಂಟು ತಿಂಗಳಾಯ್ತು ಮೇಷ್ಟ್ರೇ" ಎಂದೆ. ಸಾಹೇಬರು ಗಹಗಹಿಸಿ ನಕ್ಕರು. "ಏನ್ ಮೇಷ್ಟ್ರೇ, ಎಲೆ ಎಣಿಸಿ ಬರೆದ್ರಾ?"

ಮಿಕ್ಕ ಎರಡು ವರ್ಷದ್ದು ನಿಜವೆಂದು ಮೇಷ್ಟ್ರು ವಾದಿಸಬಹುದಿತ್ತು. ವಾದಿಸಲಿಲ್ಲ. "ಸುಳ್ಳು ಸೇರಿದೆ ಸಾರ್, ಈ ಪುಸ್ತಕ ಬಿಟ್ಬಿಡಿ. ತಪ್ಪು ನಂದು. ನಾನು ಬಂದು ನೋಡ್ಬೇಕಿತ್ತು" ಎಂದರು. ಹೊರಡುವಾಗ ಅಭ್ಯಾಸಬಲದಿಂದ ನಮ್ಮ ಗೋಡೆಗೆ ಕೈ ಒತ್ತಿದರು. ಕಾಫಿ ಕುಡಿಯದೆಯೇ ಜೀಪು ಹತ್ತಿದರು.

ಕುಂಟೆ ಮುಚ್ಚಿದರು. ನಾಚಿಕೆಯಿಂದ ನಾನು ಆ ಕಡೆ ಹೋಗಲೇ ಇಲ್ಲ. ನಾಲ್ಕೈದು ವರ್ಷ ಕಳೆದು ಅವರು ತೀರಿಕೊಂಡಾಗ ಹೋದೆ. ಅವರ ಹೆಂಡತಿ ಪುಸ್ತಕ ತಂದು ಕೈಗಿಟ್ಟು, "ನಿನಗೇ ಕೊಡು ಅಂದಿದ್ರು" ಎಂದರು.

ನನ್ನ ಎಂಟು ತಿಂಗಳ ಅಂಕಿಗಳ ಮೇಲೆ ಪೆನ್ಸಿಲಿನ ತೆಳು ಗೆರೆ ಇತ್ತು. ಮತ್ತಿಕೆರೆಯದು ಸಾಯುವ ವಾರದವರೆಗೂ ಒಂದು ದಿನ ತಪ್ಪಿರಲಿಲ್ಲ. ಈಗ ಇಲ್ಲಿ ಹೊಲವಿಲ್ಲ. ನಮ್ಮ ಗೋಡೆಯೂ ಬೆಳಗಿನ ಜಾವದಲ್ಲೂ ಬೆಚ್ಚಗಿರುತ್ತದೆ. ಎಷ್ಟು ಬೇಗ ಹೀಗಾಯಿತು ಎಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆ ಜೀಪು ಹೋದ ಮೇಲೂ ಮೇಷ್ಟ್ರು ಕೊನೆಯವರೆಗೆ ಪ್ರತಿ ಪುಟದಲ್ಲೂ ಪಕ್ಕಕ್ಕೊಂದು ಅಂಕಣದ ಗೆರೆ ಎಳೆದು, ಮೇಲೆ "ಅಮೃತಹಳ್ಳಿ" ಎಂದು ಬರೆದು, ಕೆಳಗೆ ನನಗಾಗಿ ಖಾಲಿ ಬಿಟ್ಟಿದ್ದರು. ಇನ್ನೊಂದು ಥರ್ಮಾಮೀಟರು ತಂದು ಕಟ್ಟುವ ಬುದ್ಧಿ ನನಗೆ ಬರಲಿಲ್ಲ.