ಹೊಸ್ತಿಲ ಕೆಳಗಿನ ನಾಣ್ಯ

ಮಗಳು ಇವತ್ತು ತನ್ನ ಹೊಸ ಮೆಟಲ್ ಡಿಟೆಕ್ಟರನ್ನು ನೆಲದ ಮೇಲೆ ನಾಣ್ಯ ಹರಡಿ ಪರೀಕ್ಷಿಸುತ್ತಿದ್ದಳು. ಅದು ಕುಂಯ್ ಎಂದದ್ದೇ ತಡ, ನೆನಪಿನಲ್ಲಿ ನಾನು ಬಸವಕಲ್ಯಾಣದ ಅಜ್ಜಿಯ ಮನೆಯಲ್ಲಿದ್ದೆ.

ನಿಧಿಯ ಆಸೆಗೆ ಬಿದ್ದ ಕಾಕಾ ಹುಮನಾಬಾದಿನಿಂದ ಇಂಥದೇ ಮಷೀನಿನವನನ್ನು ಕರೆತಂದಿದ್ದ. ಮನೆಯೆಲ್ಲ ಸುತ್ತಿದರೂ ಸುಮ್ಮನಿದ್ದ ಮಷೀನು ಹೊಸ್ತಿಲ ಬಳಿ ಕೂಗಿತು. ಕಾಕಾ ಹಾರೆ ಎತ್ತಿದ. ಹೊಸ್ತಿಲ ಮೇಲೆ ಕೂತರೆ ನಮ್ಮ ಬೆನ್ನಿಗೆ ಗುದ್ದುತ್ತಿದ್ದ ಅಜ್ಜಿ, ಜೋಳದ ಹಿಟ್ಟಿನ ಕೈಯಲ್ಲೇ ಬಂದು ಅದರ ಮೇಲೆ ಕುಳಿತುಬಿಟ್ಟಳು.

"ಮನಿ ಕಟ್ಟುವಾಗ ನಾನೇ ಪೂಜಾ ಮಾಡಿ ಇಟ್ಟ ನಾಣ್ಯ ಅದ. ಯಾಕ ಅಗ್ಯಾಕತ್ತಿ? ಮೊದಲ ನನ್ನ ಎಬ್ಬಸು, ನೋಡ್ತೀನಿ!"

ಕಾಕಾ ಹಾರೆ ಕೆಳಗಿಟ್ಟ.

ಈಗ ಮಗಳ ಡಿಟೆಕ್ಟರು, ಅಜ್ಜಿಯಂತೆ ನಾನೂ ನಾಣ್ಯ ಇಟ್ಟಿರುವ ನಮ್ಮ ಹೊಸ್ತಿಲ ಬಳಿ ಕೂಗಿತು.

"ಅವ್ವಾ, ಅಗದು ನೋಡೋಣೇನು?"

ನಾನು ಹೋಗಿ ಹೊಸ್ತಿಲ ಮೇಲೆ ಕುಳಿತೆ.