ಸಜ್ಜಿಯ ಮೂಲೆ, ಅವ್ವನ ತಂಬಿಗೆ

ಸೇಡಂನ ನಮ್ಮ ಮನೆಯ ಹಿತ್ತಿಲಲ್ಲಿ, ಪಾಯಖಾನೆಯ ಬಾಗಿಲಿನ ಪಕ್ಕದ ಗೋಡೆಗೂಡಿನೊಳಗೆ, ಒಂದು ದುಂಡನೆಯ ಬಿಳಿ ಗುರುತಿದೆ. ತಂಬಿಗೆಯ ತಳ ಕೂತು ಕೂತು ಆದ ಗುರುತು ಅದು. ನಮ್ಮ ಕಡೆಯ ನೀರಿನಲ್ಲಿ ಸುಣ್ಣದಂಶ ಹೆಚ್ಚು. ನೀರು ಆರಿದಲ್ಲೆಲ್ಲ ಬೆಳ್ಳಗೆ ಸಹಿ ಹಾಕಿಯೇ ಹೋಗುತ್ತದೆ. ಕೊಡದ ಕಂಠ, ನಲ್ಲಿಯ ಬಾಯಿ, ಬಚ್ಚಲ ಫರಸಿಕಲ್ಲು, ಎಲ್ಲೆಲ್ಲಿ ಈ ಬಿಳುಪು ಕಂಡರೂ ತಿಕ್ಕಿ ತೆಗೆಯದ ಹೊರತು ನನಗೆ ಊಟ ಸೇರುವುದಿಲ್ಲ. ಹೈಸ್ಕೂಲಿನ ಹುಡುಗಿಯರು ನನ್ನನ್ನು ಬೆನ್ನ ಹಿಂದೆ 'ಫಿನೈಲ್ ಟೀಚರ್' ಎನ್ನುತ್ತಾರೆಂಬುದು ನನಗೆ ಗೊತ್ತು, ನನಗೆ ಗೊತ್ತೆಂಬುದು ಅವರಿಗೂ ಗೊತ್ತು. ಇಂಥ ನಾನು ಗೂಡಿನ ಆ ಒಂದು ಗುರುತನ್ನು ಮಾತ್ರ ಮುಟ್ಟದೆ ಬಿಟ್ಟಿದ್ದೇನೆ. ಯಾಕೆಂದು ಹೇಳಬೇಕಾದರೆ ಎರಡು ಮೊಲಗಳ ವಿಷಯ ಹೇಳಬೇಕು. ಮೊಲಗಳ ವಿಷಯ ಹೇಳಹೊರಟರೆ ಅವುಗಳ ಹಿಕ್ಕೆಯ ವಿಷಯ ಬಿಡಲಾಗುವುದಿಲ್ಲ. ನೀವು ಸ್ನೇಹಿತರು, ಮೂಗು ಮುಚ್ಚಿಕೊಳ್ಳಲಾರಿರಿ ಎಂಬ ಧೈರ್ಯದ ಮೇಲೆ ಶುರುಮಾಡುತ್ತೇನೆ.

ಮೊಲಗಳನ್ನು ತಂದವಳು ನನ್ನ ಮಗಳು. ಕಲಬುರಗಿಯ ಕಾಲೇಜಿಗೆ ಸೇರಿ, ಹಾಸ್ಟೆಲಿನಲ್ಲಿ ಕದ್ದು ಸಾಕಿ, ವಾರ್ಡನ್ ಕೈಗೆ ಸಿಕ್ಕಿಬಿದ್ದು, ಒಂದು ಭಾನುವಾರ ರಟ್ಟಿನ ಡಬ್ಬಿಯೊಂದನ್ನು ನಮ್ಮ ಪಡಸಾಲೆಯಲ್ಲಿಟ್ಟು ತಾನು ಕೈತೊಳೆದುಕೊಂಡಳು. ಡಬ್ಬಿಯೊಳಗೆ ಎರಡು ಹೆಣ್ಣು ಮರಿಗಳು. ಒಂದು ಅಚ್ಚ ಬಿಳಿ, ಇನ್ನೊಂದು ಬೂದು. ಆಗಷ್ಟೇ ದಂಡೋತಿಯಿಂದ ನಮ್ಮಲ್ಲಿಗೆ ಬಂದು ನೆಲೆಸಿದ್ದ ನನ್ನ ಅವ್ವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, ಬಿಳಿಯದಕ್ಕೆ ಜ್ವಾಳ ಎಂದೂ ಬೂದು ಬಣ್ಣದ್ದಕ್ಕೆ ಸಜ್ಜಿ ಎಂದೂ ಕಾಳುಗಳ ಹೆಸರಿಟ್ಟುಬಿಟ್ಟಳು. ಮಗಳು ಅದಾಗಲೇ ಇಟ್ಟಿದ್ದ ಇಂಗ್ಲಿಷ್ ಹೆಸರುಗಳು ಆ ಕ್ಷಣವೇ ತೀರಿಕೊಂಡವು.

"ನಾಯಿ ಆದ್ರ ಬೊಗಳ್ತದ, ಬೆಕ್ಕಾದ್ರ ಇಲಿ ಹಿಡೀತದ. ಇವು ಏನ್ ಮಾಡ್ತಾವ?" ಅವ್ವ ಕೇಳಿದಳು.

"ಏನೂ ಮಾಡಲ್ಲಬೇ ಅಮ್ಮಾ, ಸುಮ್ನ ಕುಂದುರ್ತಾವ," ಎಂದಳು ಮೊಮ್ಮಗಳು.

"ಹಂಗಂದ್ರ ನನ್ನಂಗ," ಎಂದು ಅವ್ವ ನಕ್ಕಳು. ನಾವೂ ನಕ್ಕೆವು. ನಗುವ ಮಾತೆಂದೇ ತಿಳಿದೆವು.

ಸುಮ್ಮನೆ ಕೂರುವ ಈ ಪ್ರಾಣಿಗಳಿಗೂ ಒಂದು ಶಿಸ್ತಿದೆ ಎಂಬುದು ನಿಧಾನಕ್ಕೆ ತಿಳಿಯಿತು. ಬಂದ ವಾರದೊಳಗೆ ಅವೆರಡೂ ಹಿತ್ತಿಲ ಕಟ್ಟೆಯ ಒಂದು ಮೂಲೆಯನ್ನು ತಾವೇ ಆರಿಸಿಕೊಂಡು, ಎಲ್ಲಿ ಆಡುತ್ತಿದ್ದರೂ ಎದ್ದು ಅಲ್ಲಿಗೇ ಹೋಗಿ ಬರತೊಡಗಿದವು. ನಾನು ಸುಮ್ಮನಿರಬೇಕಲ್ಲ! ದಿನಾ ಬೆಳಗ್ಗೆ ಆ ಮೂಲೆಗೆ ಬಕೆಟ್ಟುಗಟ್ಟಲೆ ನೀರು ಸುರಿದು, ಫಿನೈಲ್ ಹಾಕಿ, ಕನ್ನಡಿಯಾಗುವಂತೆ ತಿಕ್ಕಿದೆ. ಮೊಲಗಳು ಮೂಲೆಗೆ ಬಂದವು, ಮೂಸಿದವು, ಒಂದರ ಮುಖ ಒಂದು ನೋಡಿದವು, ಹೊರಟುಹೋದವು. ಮರುದಿನ ಸೋಫಾದ ಕೆಳಗೆ ಹಿಕ್ಕೆ, ದೇವರ ಜಗಲಿಯ ಮುಂದೆ ಹಿಕ್ಕೆ, ನಾನು ತಿದ್ದಲೆಂದು ಹರವಿಟ್ಟ ಹತ್ತನೇ ತರಗತಿಯ ಉತ್ತರಪತ್ರಿಕೆಗಳ ಮೇಲೂ ಹಿಕ್ಕೆ. ಮಗಳಿಗೆ ಫೋನು ಮಾಡಿ ಬೈದರೆ ಅವಳೇ ನನಗೆ ಬೈದಳು. ಮೂಲೆಯಲ್ಲಿ ಅಗಲವಾದ ಟಬ್ಬು ಇಡಬೇಕಂತೆ, ತಳಕ್ಕೆ ಪೇಪರು, ಮೇಲೆ ಒಣಹುಲ್ಲು. ದಿನಾ ಹುಲ್ಲು ಬದಲಿಸಿದರೂ ಹಳೆಯದನ್ನು ಒಂದು ಹಿಡಿ ಉಳಿಸಬೇಕಂತೆ. ಅದರ ವಾಸನೆಯೇ ಅವಕ್ಕೆ ವಿಳಾಸವಂತೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ ಅವ್ವ ಮೊಮ್ಮಗಳ ಪಕ್ಷ ಸೇರಿದಳು. "ಮತ್ತ! ಗುರ್ತು ಸಿಗಬ್ಯಾಡೇನ ಅವಕ್ಕ? ದಿನಾ ನೀ ತೊಳ್ದು ತೊಳ್ದು ಅಳಿಸಿಬಿಟ್ರ, ಪಾಪ ಎಲ್ಲಿಗ್ ಹೋಗಬೇಕು?"

ಟಬ್ಬು ಇಟ್ಟ ಮೇಲೆ ಮನೆ ಮನೆಯಾಯಿತು. ಆದರೆ ಇನ್ನೊಂದು ಸೋಜಿಗ. ಜ್ವಾಳ, ಸಜ್ಜಿ ಎರಡೂ ಟಬ್ಬಿನೊಳಗೆ ಜೊತೆಯಾಗಿ ಹೋಗಿ, ಪಕ್ಕಕ್ಕೆ ಪಕ್ಕ ತಾಗಿಸಿ ಕೂತು, ಮುಂದೆ ಹುಲ್ಲು ಮೆಲ್ಲುತ್ತ, ಹಿಂದೆ ತಮ್ಮ ಕೆಲಸ ಮುಗಿಸುತ್ತಿದ್ದವು. ಅವಸರವೆಂಬುದು ಇಲ್ಲವೇ ಇಲ್ಲ. ಮೊದಲ ಸಲ ಕಂಡಾಗ ಅವ್ವ, "ಛೀ ಛೀ, ತಿನ್ನೋದೂ ಅಲ್ಲೇ, ಹೋಗೋದೂ ಅಲ್ಲೇ!" ಎಂದು ಮುಖ ಸಿಂಡರಿಸಿದಳು. ಮತ್ತೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಸಡಿಲಾಯಿತು. "ನಾವರ ಏನ್ ಭಾಳ ಬ್ಯಾರೆ ಇದ್ದೆವ? ನಾನೂ ಚಂದೀನೂ ಎಲಿಅಡಕಿ ಬಾಯಾಗ ಹಾಕ್ಕೊಂಡೇ ಹೋಗ್ತಿದ್ದೆವು," ಎಂದು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

ಚಂದಿ ಎಂದರೆ ಚಂದಮ್ಮ. ದಂಡೋತಿಯಲ್ಲಿ ನಮ್ಮ ಎದುರು ಮನೆಯವಳು, ಅವ್ವನ ವಾರಿಗೆಯವಳು, ಅವ್ವ ಸೊಸೆಯಾಗಿ ಆ ಓಣಿಗೆ ಬಂದಂದಿನಿಂದ ಅವಳ ಜೊತೆಗಾತಿ. ನಮ್ಮ ಕಡೆ 'ತಂಬಿಗೆ ತಗೊಂಡು ಹೋದಳು' ಎಂದರೆ ಸಾಕು, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಹೊತ್ತು ಮುಳುಗುವಾಗ ಚಂದಮ್ಮ ನಮ್ಮ ಕಟ್ಟೆಯ ಮುಂದೆ ನಿಂತು ತಂಬಿಗೆಯನ್ನು ಬಳೆಯಿಂದ ಠಣ್ಣೆನ್ನಿಸುತ್ತಿದ್ದಳು. ಆ ಸದ್ದಿಗೆ ಅವ್ವ ಒಲೆಯ ಮೇಲಿನ ರೊಟ್ಟಿಯನ್ನಾದರೂ ಬಿಟ್ಟು ಏಳುತ್ತಿದ್ದಳು. ಪರಕಾರ ಉಟ್ಟ ಪುಟ್ಟ ಹುಡುಗಿ ನಾನು ಬಾಲದ ಹಾಗೆ ಹಿಂದೆ. ಕಾಗಿಣಾ ನದಿಯ ಕಡೆಗಿಳಿಯುವ ದಾರಿಯ ಆಚೆ ಜಾಲಿಕಂಟಿಗಳ ಬಯಲು. ಅವರಿಬ್ಬರೂ ಒಂದೊಂದು ಕಂಟಿಯ ಮರೆಗೆ ಹೋಗುತ್ತಿದ್ದರು, ಆದರೆ ಮಾತು ಮರೆಯಾಗುತ್ತಿರಲಿಲ್ಲ. ಅತ್ತೆಯ ಬಿರುಮಾತು, ಗಂಡನ ಮೌನ, ಯಾರ ಮನೆಯ ಎಮ್ಮೆ ಈಯಿತು, ಯಾರ ಮಗಳಿಗೆ ಮುಟ್ಟು ನಿಂತಿತು, ಎಲ್ಲವೂ ಅಲ್ಲೇ ಹರಿದುಹೋಗುತ್ತಿತ್ತು. ಮಾತು ಒಂದು ಗಳಿಗೆ ನಿಂತರೆ ಸಾಕು, ಕತ್ತಲಾಗುತ್ತಿರುವ ಕಂಟಿಯ ಆಚೆಯಿಂದ ಅವ್ವನ ದನಿ ಬರುತ್ತಿತ್ತು: "ಅದೀ ಏನ?" ಈಚೆಯಿಂದ ಚಂದಮ್ಮ: "ಅದೀನಿ, ಅದೀನಿ." ಇದ್ದೀಯಾ, ಇದ್ದೇನೆ ಎಂಬ ಆ ಕೂಗು ಹಾವು ಚೇಳಿನ ಅಂಜಿಕೆಗೆ ಹುಟ್ಟಿದ್ದು. ನನ್ನ ಬಾಲ್ಯದ ಸಂಜೆಗಳೆಲ್ಲ ಆ ಪ್ರಶ್ನೆ ಮತ್ತು ಆ ಉತ್ತರದ ನಡುವೆಯೇ ಕತ್ತಲಾದವು.

ಬಯಲನ್ನು ಹೊಗಳಿ ಹಾಡುವವಳು ನಾನಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಹಗಲೆಲ್ಲ ಹೊಟ್ಟೆ ಹಿಡಿದುಕೊಂಡು ಕತ್ತಲಿಗೆ ಕಾಯುವ ಹಿಂಸೆ, ದಾರಿಯಲ್ಲಿ ಗಂಡಸರ ಕೆಮ್ಮು ಕೇಳಿದೊಡನೆ ದಡಬಡಿಸಿ ಎದ್ದು ನಿಲ್ಲುವ ಅವಮಾನ, ಮಳೆಗಾಲದ ಕೆಸರು, ಇವನ್ನೆಲ್ಲ ಉಂಡವಳು ನಾನು. ಅದು ಹೋಗಬೇಕಿತ್ತು, ಹೋಯಿತು. ಅಪ್ಪ ತೀರಿಕೊಂಡು, ಅವ್ವನ ಮೊಣಕಾಲು ಕೈಕೊಟ್ಟು, ಒಬ್ಬಳೇ ಮಗಳಾದ ನಾನು ಅವಳನ್ನು ಸೇಡಂಗೆ ಕರೆತರುವ ಮೊದಲು ಮಾಡಿಸಿದ ಮೊದಲ ಕೆಲಸವೇ ಹಿತ್ತಿಲಿನ ಪಾಯಖಾನೆ. ಕೂರಲು ಎತ್ತರದ ಕಮೋಡು, ಏಳಲು ಗೋಡೆಗೆ ಸ್ಟೀಲಿನ ಹಿಡಿಕೆ, ಜಾರದ ನೆಲ, ಒಳಗೇ ನೀರು. ಅವ್ವ ಅದನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, "ಛಲೋ ಅದವ್ವ," ಎಂದು, ತನ್ನ ಚೀಲದಿಂದ ಕಂಠ ಸೊಟ್ಟಾದ ಅಲ್ಯೂಮಿನಿಯಂ ತಂಬಿಗೆಯನ್ನು ತೆಗೆದು ಗೂಡಿನಲ್ಲಿಟ್ಟಳು. ಇದ್ಯಾಕೆ ಈಗ ಎಂದು ಕೇಳಿದರೆ, "ಇರ್ಲಿ ಬಿಡು" ಎಂದಳು. ದಿನವೂ ಸಂಜೆ ಅದಕ್ಕೆ ನೀರು ತುಂಬುತ್ತಿದ್ದಳು, ಒಯ್ಯುತ್ತಿರಲಿಲ್ಲ. ಮಾತು ದಿನದಿಂದ ದಿನಕ್ಕೆ ಕಡಿಮೆಯಾಯಿತು, ಊಟ ಅರ್ಧ ರೊಟ್ಟಿಗೆ ಇಳಿಯಿತು. ಒಮ್ಮೆ ಒಳಗಿನಿಂದ ಅವಳ ದನಿ ಕೇಳಿಸಿತು: "ಅದೀ ಏನ?" ನಾನು ಓಡಿಹೋಗಿ, "ಏನು ಬೇಕವ್ವ?" ಎಂದೆ. "ಏನಿಲ್ಲ, ಹೋಗು," ಎಂದಳು.

ಬೇಸಿಗೆ ಬಂತು. ನಮ್ಮ ಬೇಸಿಗೆಯನ್ನು ಕಂಡವರಿಗೆ ಹೇಳಬೇಕಿಲ್ಲ, ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಹಸಿ ಗೋಣಿಚೀಲ ಹಾಸಿದ ಫರಸಿಯ ಮೇಲೆ ಮೊಲಗಳೆರಡೂ ಹೊಟ್ಟೆ ಚಾಚಿ ಮಲಗುತ್ತಿದ್ದವು. ಕರೆಂಟು ಹೋದ ಒಂದು ಮಧ್ಯಾಹ್ನ, ಬಿಸಿಲು ತಗಲಿ ಜ್ವಾಳ ಸತ್ತುಹೋಯಿತು. ನಾನು ತಕ್ಷಣ ಬಟ್ಟೆಯಲ್ಲಿ ಸುತ್ತಿ ಒಯ್ಯಹೋದರೆ ಅವ್ವ ತಡೆದಳು. "ಸಜ್ಜಿ ನೋಡ್ಲಿ ತಡಿ. ನೋಡಲಿಲ್ಲಂದ್ರ ಹುಡುಕಿ ಹುಡುಕಿ ಸಾಯ್ತದ." ಸಜ್ಜಿ ಬಂದು ಮೂಸಿತು, ಗೆಳತಿಯ ಕಿವಿ ನೆಕ್ಕಿತು, ಪಕ್ಕದಲ್ಲಿ ಕೂತಿತು. ಬಹಳ ಹೊತ್ತಿನ ಮೇಲೆ ತಾನೇ ಎದ್ದುಹೋಗಿ ಬಾಗಿಲ ಸಂದಿಯಲ್ಲಿ ಸೇರಿಕೊಂಡಿತು.

ಅಲ್ಲಿಂದ ಅದು ಹುಲ್ಲು ಮುಟ್ಟಲಿಲ್ಲ. ಬೆಳಗಾದರೆ ಟಬ್ಬು ಖಾಲಿ, ಒಂದು ಹಿಕ್ಕೆಯೂ ಇಲ್ಲ. ಜೀವಮಾನವಿಡೀ ಕೊಳೆಯ ಮೇಲೆ ಯುದ್ಧ ಸಾರಿದ ನಾನು, ಒಂದು ಹಿಕ್ಕೆ ಕಂಡರೆ ಸಾಕಪ್ಪಾ ದೇವರೇ ಎಂದು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹುಲ್ಲು ಸರಿಸಿ ಸರಿಸಿ ಹುಡುಕಿದೆನೆಂದರೆ ನಂಬುತ್ತೀರಾ? ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧ ಕುಡಿಸಿದರು. "ಮೊಲ ತಿನ್ನೋದು ಬಿಟ್ರ ಹೊಟ್ಟಿ ನಿಂತು ಹೋಗ್ತದ್ರಿ ಮೇಡಂ, ಹೊಟ್ಟಿ ನಿಂತ್ರ ಉಳಿಯೋದು ಕಷ್ಟ. ಔಷಧ ನಾ ಕೊಡ್ತೀನಿ. ಆದ್ರ ಇದಕ್ಕ ಜೋಡಿ ಬೇಕ್ರಿ. ಇವು ಒಂಟಿ ಇರೂ ಜಾತಿ ಅಲ್ಲ. ನೀವು ಎಷ್ಟು ಮುದ್ದು ಮಾಡಿದ್ರೂ ನೀವು ಮೊಲ ಆಗಲ್ಲಲ್ರಿ," ಎಂದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸಜ್ಜಿಯನ್ನು ಮಡಿಲಲ್ಲಿಟ್ಟುಕೊಂಡು ಹಿಸುಕಿದ ಮೆಂತ್ಯದ ಎಲೆಯನ್ನು ಅದರ ಬಾಯಿಗೆ ಹಿಡಿದಿದ್ದಳು. ತಲೆಯೆತ್ತದೆ ಹೇಳಿದಳು, "ಮೊಲಕ್ಕ ಜೋಡಿ ಬೇಕಂತ ಡಾಕ್ಟರ್ ಹೇಳಿದ, ನೀ ಕೇಳಿದಿ. ನನ್ನ ಬಗ್ಗಿ ಯಾವ ಡಾಕ್ಟರ್ ಹೇಳಬೇಕವ್ವ?"

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಅತ್ತೆ. ಸ್ಟೀಲಿನ ಹಿಡಿಕೆ ಹಾಕಿಸಿದ್ದೆ. ಹಿಡಿಕೆ ಎಂದಾದರೂ "ಅದೀನಿ" ಎಂದೀತೇ?

ಅಂದೇ ಎರಡು ಫೋನು ಮಾಡಿದೆ. ಒಂದು ಮಗಳಿಗೆ, ಇನ್ನೊಂದು ದಂಡೋತಿಗೆ. ಮಗಳು ಮರುದಿನವೇ ಕಂದು ಬಣ್ಣದ ಹೆಣ್ಣು ಮೊಲವೊಂದನ್ನು ತಂದಳು. ತಂದು ಬಿಟ್ಟರೆ ದೋಸ್ತಿಯಾಗುತ್ತದೆಂದುಕೊಂಡಿದ್ದ ನನಗೆ ಗ್ರಹಚಾರ ಕಾದಿತ್ತು. ಬಾಗಿಲ ಸಂದಿಯಲ್ಲಿ ಪ್ರಾಣ ಬಿಡುವಂತಿದ್ದ ಸಜ್ಜಿ ಎದ್ದುಬಂದು ಹೊಸತಿನ ಬೆನ್ನಿನ ಕೂದಲು ಕಿತ್ತಿತು. ತನ್ನ ಸೀಮೆ ಇದೆಂದು ಸಾರಲು ಪಡಸಾಲೆಯುದ್ದಕ್ಕೂ ಹಿಕ್ಕೆ ಉದುರಿಸಿತು. ನಾನು ಹಿಕ್ಕೆ ನೋಡಿ ಕೈ ಮುಗಿದೆ. ಹೊಟ್ಟೆ ನಡೆದಿತ್ತು! ಜಗಳಕ್ಕಾದರೂ ಒಂದು ಜೀವ ಎದುರಿಗಿರಬೇಕೇನೋ. ನಮ್ಮ ಮನೆಯವರು ನಡುವೆ ತಂತಿಯ ಜಾಳಿಗೆ ಕಟ್ಟಿದರು. ಇದರ ಟಬ್ಬಿನ ಹುಲ್ಲು ಅದಕ್ಕೆ, ಅದರದು ಇದಕ್ಕೆ ಹಾಕಿ, ಒಂದರ ವಾಸನೆ ಇನ್ನೊಂದಕ್ಕೆ ರೂಢಿ ಮಾಡಿಸಿದೆವು.

ಅಷ್ಟರಲ್ಲಿ ಚಂದಮ್ಮ ಬಸ್ಸಿನಿಂದಿಳಿದಳು. ಕೋಲೂರಿಕೊಂಡು ಬಂದು, ಅವ್ವನ ಮುಖವನ್ನೂ ನೋಡದೆ, "ಟೀಚರಮ್ಮ ಮೊಲ ನೋಡಬಾ ಅಂದ್ಳು, ಅದಕ್ಕ ಬಂದೀನಿ. ಮತ್ಯಾರಿಗೋಸ್ಕರನೂ ಬಂದಿಲ್ಲ," ಎಂದಳು.

"ಹೌದೌದು, ಒಂದ್ ಫೋನರ ಮಾಡಿದ್ದಿ ಏನ ನೀ?" ಅವ್ವ ಮುಖ ತಿರುಗಿಸಿದಳು.

"ನೀ ಮಾಡಿದ್ದಿ ಏನ? ಕಮೋಡದ ಮ್ಯಾಲ ಕುಂತು ರಾಣಿ ಆಗಿದ್ದಿ, ನಮ್ಮ ನೆಪ್ಪು ಎಲ್ಲಿಂದ ಬರಬೇಕು?"

ಬೇಡ, ಪೂರ್ತಿ ಬರೆಯಲಾರೆ. ಮಧ್ಯಾಹ್ನದ ತನಕ ನಡೆಯಿತು. ಜಾಳಿಗೆ ಇವರಿಬ್ಬರ ನಡುವೆಯೂ ಕಟ್ಟಬೇಕೇನೋ ಎಂದು ನಮ್ಮ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. ಊಟದ ಹೊತ್ತಿಗೆ ಅವ್ವ ಅರ್ಧ ರೊಟ್ಟಿಯಲ್ಲಿ ಏಳಲಿಲ್ಲ, ಎರಡು ತಿಂದಳು. ಕಂದು ಮೊಲಕ್ಕೆ ಚಂದಮ್ಮ ತೊಗರಿ ಎಂದು ಹೆಸರಿಟ್ಟಳು.

ಆ ವಾರದ ಒಂದು ಸಂಜೆ ಶಾಲೆಯಿಂದ ಬಂದು ಹಿತ್ತಿಲ ಬಾಗಿಲಲ್ಲಿ ನಿಂತೆ. ಜಾಳಿಗೆ ತೆಗೆದಿದ್ದರು. ಟಬ್ಬಿನೊಳಗೆ ಸಜ್ಜಿ ಮತ್ತು ತೊಗರಿ ಪಕ್ಕಕ್ಕೆ ಪಕ್ಕ ತಾಗಿಸಿ ಕೂತು ಹುಲ್ಲು ಮೆಲ್ಲುತ್ತಿದ್ದವು. ಅತ್ತ ಪಾಯಖಾನೆಯ ಬಾಗಿಲು ಮುಚ್ಚಿತ್ತು. ಹೊರಗೆ ಕಟ್ಟೆಯ ಮೇಲೆ ಚಂದಮ್ಮ, ಬಾಯಲ್ಲಿ ಎಲೆಅಡಕೆ, ಕೈಯಲ್ಲಿ ನೀರು ತುಂಬಿದ ಅವ್ವನ ತಂಬಿಗೆ. ಯಾರದೋ ಸೊಸೆಯ ಕಥೆ ಅರ್ಧದಲ್ಲಿ ನಿಲ್ಲಿಸಿ ಎಲೆಅಡಕೆ ಉಗಿಯಲೆಂದು ಆಚೆ ತಿರುಗಿದಳು. ಮಾತು ನಿಂತಿತಷ್ಟೆ, ಒಳಗಿನಿಂದ ದನಿ ಬಂತು.

"ಚಂದೀ, ಅದೀ ಏನ?"

ಚಂದಮ್ಮ ಬಳೆಯಿಂದ ತಂಬಿಗೆಯನ್ನು ಠಣ್ಣೆನ್ನಿಸಿದಳು. "ಅದೀನಿ, ಅದೀನಿ. ಎಲ್ಲಿಗ್ ಹೋಗ್ಲಿ?"

ಈಗ ಅವ್ವ ದಂಡೋತಿಯಲ್ಲಿದ್ದಾಳೆ, ಚಂದಮ್ಮನ ಮನೆಯಲ್ಲಿ. ಸ್ವಲ್ಪ ದಿನ ಅಲ್ಲಿ, ಸ್ವಲ್ಪ ದಿನ ಇಬ್ಬರೂ ಇಲ್ಲಿ ಎಂದು ತಮ್ಮೊಳಗೇ ಒಪ್ಪಂದ ಮಾಡಿಕೊಂಡು, ತಂಬಿಗೆಯನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಅಲ್ಲೂ ಈಗ ಮನೆಮನೆಗೆ ಪಾಯಖಾನೆಯಿದೆ, ಒಳಗೇ ನೀರೂ ಇದೆ. ತಂಬಿಗೆ ಯಾಕೆಂದು ಈ ಸಲ ನಾನು ಕೇಳಲಿಲ್ಲ. ನಿನ್ನೆ ಫೋನಿನಲ್ಲಿ ಅವ್ವ, "ಪಂಚಮಿ ಮುಗಿಸಿ ಬರ್ತೀವಿ. ನನ್ನ ಗೂಡ ಖಾಲಿ ಇಡು, ಅಲ್ಲಿ ನಿನ್ನ ಫಿನೈಲ್ ಬಾಟ್ಲಿ ಇಟ್ಟೀದಿ ಮತ್ತ," ಎಂದಳು. ಬೆಳಗ್ಗೆ ಹಿತ್ತಿಲು ತೊಳೆಯುತ್ತ ಬ್ರಷ್ಷು ಹಿಡಿದು ಆ ಗೂಡಿನ ಮುಂದೆ ನಿಂತೆ. ದುಂಡನೆಯ ಬಿಳಿ ಗುರುತು ಹಾಗೇ ಇತ್ತು. ಟಬ್ಬಿನಲ್ಲಿ ಸಜ್ಜಿಗೆಂದು ಹಳೆಯ ಹುಲ್ಲು ಒಂದು ಹಿಡಿ ಉಳಿಸುವ ಕೈ ಅದನ್ನು ತಿಕ್ಕಲಿಲ್ಲ. ಬಂದಾಗ ಅವ್ವನಿಗೆ ಗುರುತು ಸಿಗಬೇಕಲ್ಲ.