ಬೆಕ್ಕು ಮೆಚ್ಚಿದ ಪಿಟೀಲು

ನಿನ್ನೆ ಸಂಜೆ ಅಂಗಳದಿಂದ ಚರ್ಮ ಕಾಯಿಸಿದ ವಾಸನೆ ಬಂತು. ಎದ್ದು ನೋಡಿದರೆ ನನ್ನ ಮೊಮ್ಮಗಳು ಹಳೆಯ ಪತ್ರಿಕೆಗಳಿಗೆ ಬೆಂಕಿ ಹಚ್ಚಿಕೊಂಡು ತಮಟೆ ಕಾಯಿಸುತ್ತಿದ್ದಳು. ಶಾಲೆಯಲ್ಲಿ ಕಲಿಸುತ್ತಾರಂತೆ. ಕೀಬೋರ್ಡು, ಕೊಳಲು, ತಮಟೆ ಮೂರರಲ್ಲಿ ಅವಳು ತಮಟೆಯನ್ನೇ ಆರಿಸಿಕೊಂಡಿದ್ದಾಳೆ. ಅದನ್ನು ಹಿಡಿದು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು: "ಅದನ್ನ ಆಚೇನೇ ಇಡೇ."

ಹುಡುಗಿ ಅದನ್ನು ಜಗಲಿಯ ಮೇಲಿಟ್ಟು ಒಳಗೆ ಬಂದಳು. ನಾನು ಮಾತ್ರ ನಿಂತಲ್ಲೇ ದಂಗಾಗಿದ್ದೆ. ನಾಲ್ಕು ಜನ ಸೇರಿದ ಕಡೆ ಮಡಿ ಮೈಲಿಗೆಯನ್ನು ಗೇಲಿ ಮಾಡಿ ನಗಿಸುವವಳು ನಾನು. ಆಡಿದ ಮಾತು ನನ್ನ ಅಜ್ಜಿಯದು, ದನಿಯೂ ಅವಳದೇ. ಇಷ್ಟು ವರ್ಷ ಅದು ನನ್ನ ಗಂಟಲಲ್ಲಿ ಎಲ್ಲಿ ಅಡಗಿಕೊಂಡಿತ್ತೋ ಕಾಣೆ.

ಈ ಅಜ್ಜಿಯ ವಿಷಯ ನಿಮಗೆ ಹೇಳಬೇಕು. ಅದು ನಲವತ್ತರ ದಶಕದ ದೊಡ್ಡಬಳ್ಳಾಪುರ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ತಾಯಿ ಮನೆಗೇ ಅಮಲ್ದಾರರು. ಕೋಳಿ ಕೂಗುವ ಮುಂಚೆ ತಣ್ಣೀರು ಸ್ನಾನ, ಮಡಿಯಲ್ಲಿ ಅಡುಗೆ ಅವಳದೇ, ಸ್ನಾನದಿಂದ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ಬೀದಿಯ ತುಂಬ ಮಗ್ಗಗಳು. ಅವುಗಳ ಸದ್ದಿಗೆ ತಾಳ ಹಾಕುತ್ತ ನಾನು ಏನೋ ಗುನುಗುತ್ತಿದ್ದೆ. ಅದನ್ನು ನೋಡಿದ ಅಪ್ಪ, ಹುಡುಗಿಗೆ ಯಾವುದಾದರೂ ವಾದ್ಯ ಕಲಿಸೋಣ ಎಂದರು. ನನಗಾಗ ಒಂಬತ್ತು ವರ್ಷ. ಯಾವ ವಾದ್ಯವೆಂದು ನನ್ನನ್ನು ಯಾರೂ ಕೇಳಲಿಲ್ಲ, ಅಜ್ಜಿಯನ್ನು ಕೇಳಿದರು.

ಮೃದಂಗ ಚರ್ಮದ್ದು, ಆಗದು. ಹಾರ್ಮೋನಿಯಂ ತಿದಿಯಲ್ಲೂ ಚರ್ಮದ ಪಟ್ಟಿ ಇರುತ್ತದೆಂದು ಯಾರೋ ಅವಳ ಕಿವಿಗೆ ಹಾಕಿದ್ದರು, ಅದೂ ಆಗದು. ಕೊಳಲು ಎಂಜಲು.

"ಕೃಷ್ಣ ಊದಲಿಲ್ವೇನಮ್ಮಾ?" ಎಂದರು ಅಪ್ಪ.

"ಅವನ ಎಂಜಲು ಪ್ರಸಾದ ಕಣೋ. ಇವಳದು ಎಂಜಲು."

ವೀಣೆ ಕಲಿಸುವವರು ಸಿಗಲಿಲ್ಲ. ಕೊನೆಗೆ ಉಳಿದದ್ದು ಪಿಟೀಲು. ಬರೀ ಮರ ಮತ್ತು ತಂತಿ ಎಂದು ಅಪ್ಪ ಭರವಸೆ ಕೊಟ್ಟರು. ಕಮಾನಿನಲ್ಲಿ ಕುದುರೆ ಬಾಲದ ಕೂದಲಿದೆ ಎಂದಾಗ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು. ಉಣ್ಣೆ ಕಂಬಳಿ ಮಡಿಗೆ ಬರುತ್ತದೆ ಅಂದಮೇಲೆ ಕುದುರೆ ಕೂದಲೂ ಬರುತ್ತದೆ ಎಂದು ಒಪ್ಪಿಕೊಂಡಳು.

ಪಿಟೀಲು ಬಂತು. ಶನಿವಾರಕ್ಕೊಮ್ಮೆ ಬೆಂಗಳೂರಿನಿಂದ ರೈಲಿನಲ್ಲಿ ಮೇಷ್ಟ್ರು ಬರತೊಡಗಿದರು. ನನ್ನ ಸಾಧನೆ ಹೇಗಿತ್ತೆಂದರೆ, ನಾನು ಪೆಟ್ಟಿಗೆ ತೆಗೆದರೆ ಅಮ್ಮನಿಗೆ ಹಿತ್ತಲಲ್ಲಿ ಕೆಲಸ ನೆನಪಾಗುತ್ತಿತ್ತು. ನಮ್ಮ ಮನೆಯ ಬೆಕ್ಕೊಂದು ಮಾತ್ರ ಎಲ್ಲಿದ್ದರೂ ಓಡಿ ಬಂದು ಎದುರಿಗೆ ಕೂತು, ಕಣ್ಣು ಮಿಟುಕಿಸದೆ ಪಿಟೀಲನ್ನೇ ನೋಡುತ್ತಿತ್ತು. ಪ್ರಾಣಿಗಳೂ ಮರುಳಾಗುವಂಥ ಸಂಗೀತ ನನ್ನದೆಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ. ಹಾಗೆ ನಂಬಿಯೂ ಇದ್ದೆ. ಆ ವಾದ್ಯದ ಮೇಲೆ ನನಗೆ ಜೀವವೇ ಇತ್ತು.

ನವರಾತ್ರಿ ಬಂತು. ಸರಸ್ವತಿ ಪೂಜೆಗೆ ಅಜ್ಜಿ ತಾನೇ ಪಿಟೀಲನ್ನು ದೇವರ ಮನೆಯಲ್ಲಿ ರೇಷ್ಮೆ ವಸ್ತ್ರದ ಮೇಲಿಟ್ಟು, ಗಂಧ ಹಚ್ಚಿ, ಹೂವಿಟ್ಟಳು. ವಿಜಯದಶಮಿಯ ಬೆಳಿಗ್ಗೆ ಪಾಠಕ್ಕೆಂದು ಮೇಷ್ಟ್ರು ಬಂದಾಗ ದೇವರ ಮನೆಯಿಂದ ಟಪ್ಪೆಂದು ಸದ್ದಾಯಿತು. ಹೋಗಿ ನೋಡಿದರೆ ಬೆಕ್ಕು ತಂತಿಯನ್ನು ಕಡಿದು, ತುಂಡನ್ನು ಬಾಯಲ್ಲಿಟ್ಟುಕೊಂಡು ಜಗಿಯುತ್ತಿತ್ತು.

ಮೇಷ್ಟ್ರು ನಕ್ಕುಬಿಟ್ಟರು. "ಬೆಕ್ಕು ಬಿಡತ್ತಾ ತಾಯೀ? ಕುರಿ ಕರುಳಲ್ವೇ."

"ಏನಂದ್ರಿ ಮೇಷ್ಟ್ರೇ?" ಅಜ್ಜಿಯ ದನಿ ಮೆಲ್ಲಗಿತ್ತು.

"ಕುರಿ ಕರುಳು. ಒಣಗಿಸಿ ಹುರಿ ಮಾಡಿರ್ತಾರೆ. ಉಕ್ಕಿನ ತಂತೀನೂ ಸಿಗತ್ತೆ, ಆದ್ರೆ ಈ ನಾದ ಬರಲ್ಲ..." ಅಷ್ಟರಲ್ಲಿ ಅವರಿಗೆ ನಮ್ಮ ಮುಖಗಳು ಕಂಡವು.

ಮನೆಗೆ ಸಿಡಿಲು ಬಡಿದ ಹಾಗಾಯಿತು. ಅಮ್ಮ ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದಳು. ನನಗಂತೂ ಅಳುವುದಕ್ಕೂ ಆಗಲಿಲ್ಲ. ಪಿಟೀಲು ಅಂದೇ ಮೇಷ್ಟ್ರ ಕೈಯಲ್ಲಿ ವಾಪಸು ಹೋಗುತ್ತದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಬೆಕ್ಕು ಮೆಚ್ಚಿದ್ದು ನನ್ನ ಸಂಗೀತವನ್ನಲ್ಲ ಎಂಬುದು ಬೇರೆ. ಅಜ್ಜಿ ದೇವರ ಮನೆಯನ್ನೆಲ್ಲ ತೊಳೆದಳು, ಮತ್ತೆ ಸ್ನಾನ ಮಾಡಿದಳು, ಹಬ್ಬದ ದಿನ ಊಟ ಬಿಟ್ಟಳು. ಸಂಜೆ ಅಪ್ಪ ಹೆದರುತ್ತಲೇ ಕೇಳಿದರು: "ವಾಪಸು ಕೊಟ್ಟುಬಿಡ್ಲಾ ಅಮ್ಮ? ಅಥವಾ ಉಕ್ಕಿನ ತಂತಿ ಹಾಕಿಸ್ಲಾ?"

ಅಜ್ಜಿ ಹಿತ್ತಲ ಕೊಟ್ಟಿಗೆಯ ಕಡೆ ಕೈ ಮಾಡಿದಳು. "ಬೇಡ. ಆ ನಾದ ಬರಲ್ಲ ಅಂದ್ರಲ್ಲ ಮೇಷ್ಟ್ರು. ಕೊಟ್ಟಿಗೇಲಿ ಇಟ್ಕೊಂಡು ನುಡಿಸ್ಕೊಳ್ಳಲಿ. ಆಚೇನೇ ಇರ್ಬೇಕು ಅದು."

ಅಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಅದಕ್ಕಿಂತ ಹೆಚ್ಚು ಬೆಚ್ಚಿಬಿದ್ದದ್ದು ಮೂರನೆಯ ದಿನ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕೂತು ಕಮಾನು ಎಳೆಯುತ್ತಿದ್ದೆ. ತಲೆ ಎತ್ತಿದರೆ ಕೊಟ್ಟಿಗೆಯ ಹೊಸ್ತಿಲಾಚೆ ಅಜ್ಜಿ, ಹಿಂದಿನ ದಿನದ ಸೀರೆಯಲ್ಲೇ ಕೂತಿದ್ದಾಳೆ. ಸೂರ್ಯ ಹುಟ್ಟಿಯಾಗಿತ್ತು.

"ಅಜ್ಜೀ, ಸ್ನಾನ ಆಗ್ಲಿಲ್ವಾ?"

"ಮಡೀಲಿ ಇಲ್ಲಿಗೆ ಬರಕ್ಕಾಗತ್ತೇನೇ? ನೀನು ನುಡಿಸು. ಆಮೇಲೆ ಮಾಡ್ಕೋತೀನಿ."

ಅವಳು ಇರುವವರೆಗೂ ಹಾಗೇ ನಡೆಯಿತು. ಮನೆಯಲ್ಲಿ ಅಡುಗೆ ತಡವಾಯಿತು, ಅಪ್ಪ ಕಚೇರಿಗೆ ತಡವಾಗಿ ಹೋದರು, ಯಾರೂ ಚಕಾರವೆತ್ತಲಿಲ್ಲ. ಪಿಟೀಲು ಒಳಗೆ ಬರಲಿಲ್ಲ, ಅಜ್ಜಿ ಆ ಹೊಸ್ತಿಲು ದಾಟಲಿಲ್ಲ. ಬೆಕ್ಕಿನ ಕಥೆಯನ್ನು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಈ ಸ್ನಾನದ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರೂ ನಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಕೂತಿದ್ದೆ. ಅಂಗಳದಲ್ಲಿ ಮತ್ತೆ ಅದೇ ವಾಸನೆ. ಮೊಮ್ಮಗಳು ತಮಟೆ ಕಾಯಿಸಿ ಜಗಲಿಯ ಮೇಲಿಟ್ಟು, ಹೊರಗಿನಿಂದಲೇ ಕೂಗಿದಳು: "ಇಲ್ಲೇ ಬಾರಿಸ್ತೀನಿ ಅಜ್ಜಿ. ನಿಂಗೆ ಕೇಳ್ಸತ್ತೆ ಅಲ್ವಾ?"

ಎದ್ದು ಬಾಗಿಲಿಗೆ ಬಂದೆ. ಹೊಸ್ತಿಲ ಹತ್ತಿರ ಕಾಲು ಒಂದು ಗಳಿಗೆ ನಿಂತಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ದಾಟಿದೆ. ತಮಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಬೆಚ್ಚಗಿತ್ತು.

"ಒಳಗೆ ಬಾರೇ," ಎಂದೆ. "ನನ್ನ ಪಕ್ಕ ಕೂತು ಬಾರಿಸು."